ಹೆತ್ತವರ ಓದು, ಮಕ್ಕಳ ಅಂಕ: ದಾವಣಗೆರೆ–ಹರಿಹರದ ಚರಿತ್ರೆ

ತಂದೆ ತಾಯಿ ಎಷ್ಟು ಓದಿದ್ದಾರೆ ಎಂಬುದಕ್ಕೂ ಮಕ್ಕಳು ಪರೀಕ್ಷೆಯಲ್ಲಿ ಎಷ್ಟು ಅಂಕ ಪಡೆಯುತ್ತಾರೆ ಎಂಬುದಕ್ಕೂ ನಂಟಿದೆ. ಆ ನಂಟು ಎಲ್ಲ ಕಾಲದಲ್ಲೂ ಒಂದೇ ಬಿಗಿಯಲ್ಲಿ ಇದ್ದದ್ದಲ್ಲ. ದಾವಣಗೆರೆ ಮತ್ತು ಹರಿಹರದಲ್ಲಿ ಅದು ಒಂದು ಕಾಲಕ್ಕೆ ಗಂಟು ಬಿದ್ದಂತೆ ಬಿಗಿಯಾಗಿತ್ತು, ಮತ್ತೊಂದು ಕಾಲಕ್ಕೆ ಸಡಿಲಾಯಿತು, ಈಗ ಬೇರೆ ರೀತಿಯಲ್ಲಿ ಮತ್ತೆ ಬಿಗಿಯಾಗುತ್ತಿದೆ. ಈ ಏರಿಳಿತಕ್ಕೆ ಮಕ್ಕಳ ಬುದ್ಧಿಯಲ್ಲಾದ ಬದಲಾವಣೆ ಕಾರಣವಲ್ಲ. ಮಾರುಕಟ್ಟೆ, ಮಿಲ್ಲು, ಮಠದ ಹಾಸ್ಟೆಲು, ಸರ್ಕಾರದ ಆದೇಶ, ನ್ಯಾಯಾಲಯದ ತೀರ್ಪು ಇವು ಕಾರಣ. ದಾವಣಗೆರೆಯ ನಿಟ್ಟುವಳ್ಳಿಯಂಥ ಬಡಾವಣೆಯ ಶಾಲೆಯಲ್ಲಿ ಇಂದು ಒಂದೇ ಬೆಂಚಿನಲ್ಲಿ ಕೂರುವ ಇಬ್ಬರು ಮಕ್ಕಳ ಅಂಕಗಳ ಅಂತರಕ್ಕೆ ಹೀಗೆ ಇನ್ನೂರು ವರ್ಷದಷ್ಟು ಹಿಂದಿನ ಚರಿತ್ರೆ ಇದೆ.

ದಾವಣಗೆರೆ ಬೆಳೆದದ್ದು ವ್ಯಾಪಾರದಿಂದ. ಹೈದರಾಲಿ ಈ ಊರನ್ನು ಅಪ್ಪೋಜಿರಾಮ ಎಂಬ ಮರಾಠಾ ಸರದಾರನಿಗೆ ಜಹಗೀರಾಗಿ ಕೊಟ್ಟ. ಅಪ್ಪೋಜಿರಾಮ ವರ್ತಕರನ್ನು ಕರೆಸಿ ನೆಲೆಗೊಳಿಸಿದ. 1801ರಲ್ಲಿ ಈ ದಾರಿಯಲ್ಲಿ ಹಾದುಹೋದ ಫ್ರಾನ್ಸಿಸ್ ಬುಕಾನನ್ ಇಲ್ಲಿನ ಕಂಬಳಿಗಳ ಬಗ್ಗೆ ಬರೆದಿದ್ದಾನೆ. ಇಂಥ ಪೇಟೆಯಲ್ಲಿ ಓದು ಎಂದರೆ ಮೊದಲಿಗೆ ಲೆಕ್ಕ. ಕೂಲಿಮಠದ ಅಯ್ಯನವರು ಮರಳಿನ ಮೇಲೆ ಬೆರಳಿಟ್ಟು ಅಕ್ಷರ ತಿದ್ದಿಸುತ್ತಿದ್ದರು, ಮಗ್ಗಿ ಬಾಯಿಪಾಠ ಮಾಡಿಸುತ್ತಿದ್ದರು, ಕೂಲಿಯನ್ನು ಕಾಳು ಮತ್ತು ಕಾಸಿನಲ್ಲಿ ಪಡೆಯುತ್ತಿದ್ದರು. ವರ್ತಕನ ಮಗ ಅಲ್ಲಿ ಕಲಿತದ್ದನ್ನು ಸಂಜೆಗೆ ಅಂಗಡಿಯ ಕಡತದಲ್ಲಿ ಮತ್ತೆ ಕಾಣುತ್ತಿದ್ದ. ಶ್ಯಾನುಭೋಗರ ಮಗ ತಂದೆಯ ಪಕ್ಕದಲ್ಲಿ ಕೂತು ದಫ್ತರದ ಬರಹ ಕಲಿಯುತ್ತಿದ್ದ. ಕುರಿಗಾರನ ಮಗನಿಗೆ, ಕಂಬಳಿ ನೇಯುವವನ ಮಗನಿಗೆ, ಹೊಲಗೇರಿಯ ಮಗುವಿಗೆ ಮನೆಯಲ್ಲಿ ಅಕ್ಷರವನ್ನು ಬಳಸುವ ಸಂದರ್ಭವೇ ಇರಲಿಲ್ಲ. ಹೆಣ್ಣುಮಕ್ಕಳಂತೂ ಯಾವ ಮನೆಯಲ್ಲೇ ಹುಟ್ಟಿದ್ದರೂ ಈ ಲೆಕ್ಕಕ್ಕೆ ಹೊರಗೆ. ತಂದೆ ಓದಿದ್ದರೆ ಮಗ ಓದುತ್ತಿದ್ದ, ಇಲ್ಲವಾದರೆ ಇಲ್ಲ.

ಈ ಗಂಟಿಗೆ ಮೊದಲು ಕೈ ಹಾಕಿದ್ದು ಸರ್ಕಾರಿ ಶಾಲೆ. ಮೈಸೂರು ಸೀಮೆಯ ವಿದ್ಯಾ ಇಲಾಖೆಯಲ್ಲಿದ್ದ ಬಿ.ಎಲ್. ರೈಸ್ 1868ರಲ್ಲಿ ಹೋಬಳಿ ಶಾಲೆಗಳ ಯೋಜನೆ ಮುಂದಿಟ್ಟರು. ಹೋಬಳಿಗೊಂದು ಕನ್ನಡ ಶಾಲೆ, ಅದಕ್ಕೆ ತರಬೇತಿ ಪಡೆದ ಮೇಷ್ಟ್ರು ಎಂಬುದು ಅದರ ತಿರುಳು. ಹರಿಹರದಲ್ಲಿ ಆಗ ತುಂಗಭದ್ರೆಯೇ ಗಡಿ. ಈ ದಡ ಮೈಸೂರು, ಆ ದಡ ಬೊಂಬಾಯಿ ಪ್ರಾಂತ್ಯದ ಧಾರವಾಡ ಜಿಲ್ಲೆ. ಎರಡೂ ಕಡೆ ಕನ್ನಡ ಶಾಲೆಗಳು ಬೇರೆ ಬೇರೆ ಇಲಾಖೆಗಳ ಕೈಕೆಳಗೆ ಬೆಳೆದವು. 1913ರಲ್ಲಿ ಮೈಸೂರು ಸಂಸ್ಥಾನವು ಪ್ರಾಥಮಿಕ ಶಿಕ್ಷಣದ ನಿಬಂಧನೆ ತಂದು ಆಯ್ದ ಕಡೆಗಳಲ್ಲಿ ಕಡ್ಡಾಯ ಶಿಕ್ಷಣಕ್ಕೆ ದಾರಿ ಮಾಡಿತು. 1915ರಲ್ಲಿ ಸರ್ಕಾರಿ ಶಾಲೆಗಳಿಗೆ ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳನ್ನೂ ಸೇರಿಸಿಕೊಳ್ಳಬೇಕೆಂಬ ಆದೇಶ ಬಂತು. ಕಾಗದದಲ್ಲಿ ಬಾಗಿಲು ತೆರೆಯಿತು. ಆದರೆ ಬಾಗಿಲು ದಾಟಿ ಒಳಗೆ ಬಂದ ಮಗುವಿಗೆ ಮನೆಯಲ್ಲಿ ಪಾಠ ಒಪ್ಪಿಸಿಕೊಳ್ಳುವವರು ಯಾರು ಎಂಬ ಪ್ರಶ್ನೆಗೆ ಆದೇಶದಲ್ಲಿ ಉತ್ತರವಿರಲಿಲ್ಲ. ಮೂರನೆಯ, ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟವರು ಹೆಚ್ಚಾಗಿ ಇಂಥ ಮನೆಗಳವರೇ.

1930ರ ದಶಕದಲ್ಲಿ ದಾವಣಗೆರೆಗೆ ಹತ್ತಿ ಗಿರಣಿ ಬಂತು. ಹಿಂದೆಯೇ ಇದ್ದ ಹತ್ತಿ ಬಿಡಿಸುವ ಜಿನ್ನುಗಳ ಜೊತೆಗೆ ನೂಲುವ, ನೇಯುವ ಮಿಲ್ಲುಗಳು ಒಂದಾದ ಮೇಲೊಂದು ಎದ್ದವು. ದಾವಣಗೆರೆ ಕಾಟನ್ ಮಿಲ್ಲು, ಶಂಕರ್ ಟೆಕ್ಸ್‌ಟೈಲ್ಸ್, ಗಣೇಶ್ವರ, ಆಂಜನೇಯ, ಚಂದ್ರೋದಯ ಮಿಲ್ಲುಗಳ ಹೆಸರು ಹಳೆಯ ಕಾರ್ಮಿಕರ ನಾಲಿಗೆಯ ಮೇಲೆ ಇಂದಿಗೂ ಇವೆ. ಊರಿಗೆ ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಹೆಸರು ಬಂತು. ಸುತ್ತಲಿನ ಹಳ್ಳಿಗಳಿಂದ ಹೆಬ್ಬೆಟ್ಟಿನ ರೈತಕೂಲಿಗಳು ಬಂದು ಮೂರು ಪಾಳಿಯಲ್ಲಿ ದುಡಿದರು.

ಹೆತ್ತವರ ಓದು ಮತ್ತು ಮಕ್ಕಳ ಓದಿನ ಚರಿತ್ರೆಯಲ್ಲಿ ಈ ಮಿಲ್ಲುಗಳಿಗೆ ಇರುವ ಜಾಗ ದೊಡ್ಡದು, ಅದನ್ನು ಗುರುತಿಸಿದವರು ಕಡಿಮೆ. ಮಿಲ್ಲಿನ ಕೂಲಿ ತಿಂಗಳಿಗೊಮ್ಮೆ ತಪ್ಪದೆ ಬರುತ್ತಿತ್ತು. ಹೊಲದ ಕೂಲಿಗೆ ಆ ಗುಣವಿರಲಿಲ್ಲ. ಮಳೆ ಕೈಕೊಟ್ಟ ವರ್ಷ ಮಗುವನ್ನು ಶಾಲೆ ಬಿಡಿಸಿ ದನ ಕಾಯಲು ಕಳಿಸಬೇಕಾದ ಮನೆಗೂ, ಸುಗ್ಗಿಯೋ ಬರವೋ ಎನ್ನದೆ ಸಂಬಳದ ದಿನವಿರುವ ಮನೆಗೂ ಬಹಳ ವ್ಯತ್ಯಾಸ. ವರ್ಷಕ್ಕೊಮ್ಮೆ ಬೋನಸ್ಸು ಬಂದಾಗ ಪುಸ್ತಕ, ಬಟ್ಟೆ, ಫೀಸು ಒಟ್ಟಿಗೆ ತೀರುತ್ತಿದ್ದವು. 1948ರ ನೌಕರರ ರಾಜ್ಯ ವಿಮಾ ಕಾಯ್ದೆಯಿಂದ ಬಂದ ಇಎಸ್‌ಐ ಸೌಲಭ್ಯವಿದ್ದುದರಿಂದ ಕಾಯಿಲೆಯ ಖರ್ಚು ಓದಿನ ದುಡ್ಡನ್ನು ನುಂಗುವುದು ಕಡಿಮೆಯಾಯಿತು. ನಿಟ್ಟುವಳ್ಳಿಯಲ್ಲಿರುವ ಇಎಸ್‌ಐ ಆಸ್ಪತ್ರೆ ಆ ವ್ಯವಸ್ಥೆಯದೇ ಭಾಗ. ಓದದ ತಂದೆ ಮಗನಿಗೆ ಬೀಜಗಣಿತ ಹೇಳಿಕೊಡಲಾರ, ಆದರೆ ಅವನನ್ನು ಹತ್ತನೆಯ ತರಗತಿವರೆಗೆ ಶಾಲೆಯಲ್ಲಿ ಉಳಿಸಬಲ್ಲವನಾದ. ಹೆತ್ತವರ ಶಿಕ್ಷಣಕ್ಕೆ ಬದಲಾಗಿ ಹೆತ್ತವರ ಖಾಯಂ ಸಂಬಳ ಕೆಲಸ ಮಾಡಿದ ಕಾಲ ಇದು.

ಕಾರ್ಮಿಕ ಸಂಘದ ಪಾತ್ರವೂ ಸಣ್ಣದಲ್ಲ. ದಾವಣಗೆರೆ ಕಮ್ಯುನಿಸ್ಟ್ ಚಳವಳಿಯ ಗಟ್ಟಿ ನೆಲವಾಗಿತ್ತು. ಸಿಪಿಐನ ಪಂಪಾಪತಿ ಇಲ್ಲಿಂದ 1978, 1983 ಮತ್ತು 1985ರಲ್ಲಿ ವಿಧಾನಸಭೆಗೆ ಗೆದ್ದರು. ಭಗತ್ ಸಿಂಗ್ ನಗರ, ಲೆನಿನ್ ನಗರ ಎಂಬ ಬಡಾವಣೆಗಳ ಹೆಸರುಗಳು ಆ ಕಾಲದವು. ಸಂಘದ ಸಭೆಯಲ್ಲಿ ಕರಪತ್ರ ಓದಿಸಿ ಕೇಳುವುದು, ಬೇಡಿಕೆಯ ಪಟ್ಟಿಗೆ ಸಹಿ ಹಾಕಲು ಹೆಸರು ಬರೆಯಲು ಕಲಿಯುವುದು ಇವು ಶಾಲೆಯಿಲ್ಲದ ತಲೆಮಾರಿಗೆ ದೊರೆತ ಒಂದು ಬಗೆಯ ಶಿಕ್ಷಣ. ಮೈಸೂರು ರಾಜ್ಯ ವಯಸ್ಕರ ಶಿಕ್ಷಣ ಸಮಿತಿ ಹೊಸದಾಗಿ ಅಕ್ಷರ ಕಲಿತ ದೊಡ್ಡವರಿಗೆಂದೇ ‘ಬೆಳಕು’ ವಾರಪತ್ರಿಕೆಯನ್ನು ಹೊರತರುತ್ತಿತ್ತು. ಶಾಲೆಯ ಪ್ರಮಾಣಪತ್ರವಿಲ್ಲದಿದ್ದರೂ ಓದಿನ ಬೆಲೆ ಬಲ್ಲ ಹೆತ್ತವರು ಹೀಗೆ ಹುಟ್ಟಿದರು. ಜನಗಣತಿಯ ಸಾಕ್ಷರ–ಅನಕ್ಷರ ಎಂಬ ಎರಡೇ ಕಂಬಸಾಲಿನಲ್ಲಿ ಈ ವ್ಯತ್ಯಾಸ ಕಾಣಿಸುವುದಿಲ್ಲ.

ಹಳ್ಳಿಯಿಂದ ಬಂದ ಹುಡುಗರಿಗೆ ಇನ್ನೊಂದು ಆಸರೆ ಬೇಕಿತ್ತು, ಅದು ಹಾಸ್ಟೆಲು. ಚಿತ್ರದುರ್ಗದ ಬೃಹನ್ಮಠದ ಜಯದೇವ ಮುರುಘರಾಜೇಂದ್ರ ಸ್ವಾಮಿಗಳು 20ನೆಯ ಶತಮಾನದ ಮೊದಲ ಅರ್ಧದಲ್ಲಿ ಊರೂರಲ್ಲಿ ಉಚಿತ ವಿದ್ಯಾರ್ಥಿನಿಲಯಗಳನ್ನು ತೆರೆದರು. ದಾವಣಗೆರೆಯ ಮೆಡಿಕಲ್ ಕಾಲೇಜು ಅವರ ಹೆಸರನ್ನು ಹೊತ್ತಿದೆ. ಸಿರಿಗೆರೆಯ ತರಳಬಾಳು ಬೃಹನ್ಮಠ ಹಳ್ಳಿಗಳಿಗೇ ಹೈಸ್ಕೂಲುಗಳನ್ನು ಒಯ್ದಿತು. ಹಾಸ್ಟೆಲು ಅನ್ನ ಮತ್ತು ಚಾವಣಿ ಕೊಟ್ಟಿತು ಎನ್ನುವುದು ಅರ್ಧ ಮಾತು. ಬೆಳಗಿನ ಜಾವ ಎಬ್ಬಿಸುವುದು, ಸಂಜೆ ದೀಪದ ಕೆಳಗೆ ಸಾಲಾಗಿ ಕೂರಿಸುವುದು, ಮೇಲಿನ ತರಗತಿಯವನು ಕೆಳಗಿನವನಿಗೆ ಲೆಕ್ಕ ಬಿಡಿಸಿ ತೋರಿಸುವುದು, ಯಾವ ಕೋರ್ಸು ಎಲ್ಲಿದೆ, ಅರ್ಜಿ ಯಾವಾಗ ಹಾಕಬೇಕು ಎಂದು ತಿಳಿಸುವುದು, ಇವೆಲ್ಲ ಓದಿದ ತಂದೆ ತಾಯಿ ಮನೆಯಲ್ಲಿ ಮಾಡುವ ಕೆಲಸಗಳು. ಅವನ್ನು ಹಾಸ್ಟೆಲು ವಹಿಸಿಕೊಂಡಿತು. ಓದಿಲ್ಲದವರ ಮಕ್ಕಳ ಪಾಲಿಗೆ ಕರ್ನಾಟಕ ಕಂಡ ಅತ್ಯಂತ ಪರಿಣಾಮಕಾರಿ ಸಂಸ್ಥೆ ಯಾವುದು ಎಂದರೆ ಹಾಸ್ಟೆಲು ಎಂದು ನಿಸ್ಸಂಶಯವಾಗಿ ಹೇಳಬಹುದು.

ಆದರೆ ಜಾತಿಯ ಹಾಸ್ಟೆಲಿನಲ್ಲಿ ಎಲ್ಲ ಜಾತಿಯವರಿಗೂ ಎಲೆ ಬೀಳುತ್ತಿರಲಿಲ್ಲ. ಮಠವಿಲ್ಲದ, ವರ್ತಕರಿಲ್ಲದ ಸಮುದಾಯಗಳು ಸರ್ಕಾರದ ಹಾಸ್ಟೆಲಿಗೆ ಕಾಯಬೇಕಾಯಿತು. ಇಂಥ ಸಮುದಾಯಗಳಿಂದಲೇ ಹರಿಹರ ಎರಡು ದೊಡ್ಡ ಹೆಸರುಗಳನ್ನು ಕೊಟ್ಟಿದೆ. ವಕೀಲರಾಗಿ, ಮಂತ್ರಿಯಾಗಿ, ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ರಾಜ್ಯದಲ್ಲಿ ನಿಲ್ಲಿಸಲು ಹೊರಟ ಬಿ. ಬಸವಲಿಂಗಪ್ಪನವರು ಹುಟ್ಟಿದ್ದು ಹರಿಹರದಲ್ಲಿ. ದಲಿತ ಸಂಘರ್ಷ ಸಮಿತಿಯನ್ನು ಕಟ್ಟಿದ ಪ್ರೊ. ಬಿ. ಕೃಷ್ಣಪ್ಪನವರು 1938ರಲ್ಲಿ ಹುಟ್ಟಿದ್ದೂ ಹರಿಹರದಲ್ಲೇ. ಬಡ ದಲಿತ ಕುಟುಂಬದಲ್ಲಿ ಹುಟ್ಟಿದ ಕೃಷ್ಣಪ್ಪ ಕನ್ನಡ ಅಧ್ಯಾಪಕರಾಗಿ ಭದ್ರಾವತಿಯಲ್ಲಿ ಪಾಠ ಹೇಳುತ್ತ 1970ರ ದಶಕದಲ್ಲಿ ಸಂಘಟನೆಗೆ ಇಳಿದರು. ಇಂಥವರ ಸಾಧನೆಯನ್ನು ತೋರಿಸಿ ‘ಮನಸ್ಸಿದ್ದರೆ ಯಾರು ಬೇಕಾದರೂ ಓದಬಹುದು’ ಎನ್ನುವವರಿದ್ದಾರೆ. ಆ ವಾದ ತಪ್ಪು. ಒಂದು ಊರಿನಿಂದ ಇಬ್ಬರು ಎದ್ದು ಬಂದದ್ದು ನೆನಪಿನಲ್ಲಿ ಉಳಿಯುತ್ತದೆ. ಅದೇ ಕೇರಿಯಿಂದ ನಾಲ್ಕನೆಯ ತರಗತಿಗೆ ನಿಂತುಹೋದವರ ಹೆಸರುಗಳನ್ನು ಯಾರೂ ಬರೆದಿಟ್ಟಿಲ್ಲ. ಬಸವಲಿಂಗಪ್ಪ ಮತ್ತು ಕೃಷ್ಣಪ್ಪ ಇಬ್ಬರೂ ಹೋರಾಡಿದ್ದೇ ಈ ಅಪವಾದ ಅಪವಾದವಾಗಿ ಉಳಿಯಬಾರದು ಎಂದು.

ಹೆತ್ತವರ ಸ್ಥಿತಿ ಮಕ್ಕಳ ಫಲಿತಾಂಶದಲ್ಲಿ ಎಷ್ಟು ಕಾಣುತ್ತದೆ ಎಂಬುದನ್ನು ಅಂಕಿಗಳಲ್ಲಿ ಅಳೆಯುವ ಕೆಲಸವನ್ನು ಕರ್ನಾಟಕ ಬೇಗನೆ ಕೈಗೆತ್ತಿಕೊಂಡಿತು. ಈ ಅಳತೆ ಹುಟ್ಟಿದ್ದು ಸಂಶೋಧನಾಲಯಗಳಲ್ಲಿ ಅಲ್ಲ, ಮೀಸಲಾತಿಯ ಚರ್ಚೆಯಲ್ಲಿ. 1960ರಲ್ಲಿ ನೇಮಕವಾದ ಆರ್. ನಾಗನಗೌಡ ಸಮಿತಿ ಪ್ರತಿ ಜಾತಿಯ ಸಾವಿರ ಜನಸಂಖ್ಯೆಗೆ ಹೈಸ್ಕೂಲಿನ ಕೊನೆಯ ಮೂರು ತರಗತಿಗಳಲ್ಲಿ ಎಷ್ಟು ಮಕ್ಕಳಿದ್ದಾರೆ ಎಂದು ಲೆಕ್ಕ ಹಾಕಿತು. ರಾಜ್ಯದ ಸರಾಸರಿ 6.9 ಬಂತು. ಲಿಂಗಾಯತರದು 7.1. ಸರ್ಕಾರ ಸರಾಸರಿಯನ್ನು 7 ಎಂದು ಹಿಡಿದು, ಅದಕ್ಕೆ ಹತ್ತಿರವಿದ್ದವರನ್ನೂ ಹಿಂದುಳಿದವರ ಪಟ್ಟಿಗೆ ಸೇರಿಸಿತು. 1962ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಎಂ.ಆರ್. ಬಾಲಾಜಿ ಪ್ರಕರಣದಲ್ಲಿ ಆ ಆದೇಶವನ್ನು ರದ್ದುಪಡಿಸಿತು. ಸರಾಸರಿಯ ಆಸುಪಾಸಿನಲ್ಲಿ ಇರುವುದನ್ನು ಹಿಂದುಳಿದಿರುವಿಕೆ ಎನ್ನಲಾಗದು ಎಂಬುದು ತೀರ್ಪಿನ ಒಂದು ಅಂಶ.

ಆಮೇಲೆ ಸರ್ಕಾರ ಜಾತಿಯನ್ನು ಬದಿಗಿಟ್ಟು ನೇರವಾಗಿ ಹೆತ್ತವರನ್ನೇ ನೋಡಿತು. 1963ರ ಆದೇಶದ ಪ್ರಕಾರ ಕುಟುಂಬದ ವರಮಾನ ವರ್ಷಕ್ಕೆ 1,200 ರೂಪಾಯಿ ಅಥವಾ ಅದಕ್ಕಿಂತ ಕಡಿಮೆ ಇರಬೇಕು ಮತ್ತು ಕಸುಬು ಬೇಸಾಯ, ಸಣ್ಣ ವ್ಯಾಪಾರ, ಕೆಳದರ್ಜೆಯ ನೌಕರಿ, ಕರಕುಶಲ ಅಥವಾ ಮೈಮುರಿದು ದುಡಿಯುವ ಕೆಲಸವಾಗಿರಬೇಕು. ಅಂಥವರ ಮಕ್ಕಳಿಗೆ ಎಂಜಿನಿಯರಿಂಗ್, ಮೆಡಿಕಲ್ ಸೀಟುಗಳಲ್ಲಿ ಪಾಲು. ದಾವಣಗೆರೆಯ ಮಿಲ್ ಕಾರ್ಮಿಕ, ಹರಿಹರದ ಹಮಾಲ ಇಬ್ಬರೂ ಕಸುಬಿನ ಮಟ್ಟಿಗೆ ಈ ವ್ಯಾಖ್ಯೆಯ ಒಳಗೆ ಬರುತ್ತಿದ್ದರು. 1964ರಲ್ಲಿ ಆರ್. ಚಿತ್ರಲೇಖಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಈ ವರ್ಗೀಕರಣವನ್ನು ಎತ್ತಿಹಿಡಿಯಿತು. ಆದರೆ ಕಸುಬು ಮತ್ತು ವರಮಾನ ಎರಡನ್ನೇ ನೋಡಿದರೆ, ಒಂದೇ ಸಂಬಳದ ಇಬ್ಬರಲ್ಲಿ ಒಬ್ಬನ ಮನೆಯಲ್ಲಿ ಮೂರು ತಲೆಮಾರಿನ ಅಕ್ಷರವಿದ್ದು ಇನ್ನೊಬ್ಬನ ಮನೆಯಲ್ಲಿ ಒಂದೂ ಇಲ್ಲದಿರುವುದು ಲೆಕ್ಕಕ್ಕೆ ಬರುವುದಿಲ್ಲ. ಬಡ ಶ್ಯಾನುಭೋಗನ ಮಗನೂ ಬಡ ಕುರಿಗಾರನ ಮಗನೂ ಒಂದೇ ಸಾಲಿನಲ್ಲಿ ನಿಂತರು. ಪರೀಕ್ಷೆ ಮುಗಿದ ಮೇಲೆ ಯಾರು ಮುಂದಿರುತ್ತಿದ್ದರು ಎಂಬುದನ್ನು ಊಹಿಸುವುದು ಕಷ್ಟವಲ್ಲ.

ಈ ಕೊರತೆಯನ್ನು ತುಂಬಿದವರು ಹರಿಹರದಿಂದ ಹೊಳೆ ದಾಟಿದರೆ ಸಿಗುವ ರಾಣೆಬೆನ್ನೂರಿನ ಎಲ್.ಜಿ. ಹಾವನೂರರು. ದೇವರಾಜ ಅರಸು ಸರ್ಕಾರ 1972ರಲ್ಲಿ ಅವರ ಅಧ್ಯಕ್ಷತೆಯಲ್ಲಿ ಆಯೋಗ ರಚಿಸಿತು. ಆಯೋಗ ಅದೇ ವರ್ಷದ ಎಸ್‌ಎಸ್‌ಎಲ್‌ಸಿ ಪರೀಕ್ಷೆಯ ಫಲಿತಾಂಶವನ್ನು ಜಾತಿವಾರು ಬಿಡಿಸಿ ಪ್ರತಿ ಸಾವಿರ ಜನಸಂಖ್ಯೆಗೆ ಎಷ್ಟು ಮಂದಿ ಪಾಸಾಗಿದ್ದಾರೆ ಎಂದು ಎಣಿಸಿತು. ರಾಜ್ಯದ ಸರಾಸರಿ 1.69. ಈ ಸರಾಸರಿಗಿಂತ ಕಡಿಮೆಯಿದ್ದು ಅದರ ಅರ್ಧಕ್ಕಿಂತ ಮೇಲಿದ್ದವು ಹಿಂದುಳಿದ ಸಮುದಾಯಗಳು, ಅರ್ಧಕ್ಕೂ ಕೆಳಗಿದ್ದವು ಹಿಂದುಳಿದ ಜಾತಿಗಳು. ನಾಗನಗೌಡ ಸಮಿತಿ ಶಾಲೆಯಲ್ಲಿ ಕೂತವರನ್ನು ಎಣಿಸಿದರೆ ಹಾವನೂರು ಆಯೋಗ ಪರೀಕ್ಷೆ ದಾಟಿದವರನ್ನು ಎಣಿಸಿತು. ಬೆಂಚಿನ ಮೇಲೆ ಜಾಗ ಸಿಕ್ಕ ಮೇಲೂ ಮನೆಯ ಚರಿತ್ರೆ ಮಗುವಿನ ಬೆನ್ನು ಬಿಡುವುದಿಲ್ಲ ಎಂಬುದನ್ನು ಹಿಡಿಯಲು ಈ ಎರಡನೆಯ ಅಳತೆಯೇ ಸರಿಯಾದದ್ದು. ವರದಿ 1975ರಲ್ಲಿ ಬಂತು, 1977ರಲ್ಲಿ ಜಾರಿಯಾಯಿತು. ಅದರ ಬಗ್ಗೆ ತಕರಾರುಗಳು ಎದ್ದವು, ಮುಂದೆ ವೆಂಕಟಸ್ವಾಮಿ ಆಯೋಗ, ಚಿನ್ನಪ್ಪ ರೆಡ್ಡಿ ಆಯೋಗ ಬಂದವು. ಆದರೆ ಹತ್ತನೆಯ ತರಗತಿಯ ಫಲಿತಾಂಶ ಎಂಬುದು ಮಗುವಿನ ಒಬ್ಬಂಟಿ ಸಾಧನೆಯಲ್ಲ, ಅದರ ಹಿಂದೆ ಒಂದು ಸಮುದಾಯದ ಓದಿನ ಬಾಳು ಇದೆ ಎಂದು ಸರ್ಕಾರಿ ಕಡತದಲ್ಲಿ ಬರೆದ ಕೀರ್ತಿ ಹಾವನೂರರದು.

ಇದೇ ಹೊತ್ತಿಗೆ ದಾವಣಗೆರೆ ಮಿಲ್ಲಿನ ಊರಿನಿಂದ ಕಾಲೇಜಿನ ಊರಾಗಿ ಬದಲಾಗುತ್ತಿತ್ತು. 1951ರಲ್ಲಿ ಬಿ.ಡಿ.ಟಿ. ಎಂಜಿನಿಯರಿಂಗ್ ಕಾಲೇಜು ಬಂತು. ಅದಕ್ಕೆ ದಾನಿ ಬ್ರಹ್ಮಪ್ಪ ದೇವೇಂದ್ರಪ್ಪ ತವನಪ್ಪನವರ ಹೆಸರಿದೆ. 1958ರಲ್ಲಿ ಬಾಪೂಜಿ ವಿದ್ಯಾಸಂಸ್ಥೆ, 1965ರಲ್ಲಿ ಜೆ.ಜೆ.ಎಂ. ಮೆಡಿಕಲ್ ಕಾಲೇಜು, 1979ರಲ್ಲಿ ಬಾಪೂಜಿ ಎಂಜಿನಿಯರಿಂಗ್ ಮತ್ತು ಡೆಂಟಲ್ ಕಾಲೇಜುಗಳು ಬಂದವು. ಡಿ.ಆರ್.ಎಂ. ವಿಜ್ಞಾನ ಕಾಲೇಜು, ಡಿ.ಆರ್.ಆರ್. ಪಾಲಿಟೆಕ್ನಿಕ್, ಮೋತಿ ವೀರಪ್ಪ ಕಾಲೇಜು, ಎ.ವಿ. ಕಮಲಮ್ಮ ಮಹಿಳಾ ಕಾಲೇಜು ಇವೆಲ್ಲ ದಾನಿ ಮನೆತನಗಳ ಹೆಸರಿನಲ್ಲೇ ಇವೆ. ಹತ್ತಿ, ಜವಳಿ, ಅಡಿಕೆಯ ವ್ಯಾಪಾರದಲ್ಲಿ ಗಳಿಸಿದ್ದನ್ನು ಊರಿನ ಮುಂದಿನ ತಲೆಮಾರಿನ ಪದವಿಗೆ ಹಾಕಿದ ಈ ವರ್ತಕರ ದಾನ ದೊಡ್ಡದು. ಊರಿಗೆ ವಿದ್ಯಾಕಾಶಿ ಎಂಬ ಹೆಸರು ಬಂದದ್ದೂ ಇದರಿಂದ. ಆದರೆ ಕಾಲೇಜು ಹತ್ತಿರವಿದೆ ಎಂದ ಮಾತ್ರಕ್ಕೆ ಸೀಟು ಹತ್ತಿರವಾಗಲಿಲ್ಲ. ಖಾಸಗಿ ವೃತ್ತಿ ಕಾಲೇಜುಗಳ ಕ್ಯಾಪಿಟೇಶನ್ ಶುಲ್ಕ ಇಡೀ ರಾಜ್ಯದಲ್ಲಿ ಎಷ್ಟು ಬೆಳೆಯಿತೆಂದರೆ 1984ರಲ್ಲಿ ಅದನ್ನು ನಿಷೇಧಿಸಲು ಕಾಯ್ದೆಯೇ ಬೇಕಾಯಿತು. ಆಮೇಲೆ ಬಂದ ಸಿಇಟಿ ಹಣದ ಜಾಗದಲ್ಲಿ ರ‍್ಯಾಂಕನ್ನು ತಂದಿತು. ರ‍್ಯಾಂಕಿಗೆ ಕೋಚಿಂಗ್ ಬೇಕು, ಕೋಚಿಂಗ್ ಯಾವಾಗ ಶುರುವಾಗಬೇಕೆಂಬ ತಿಳಿವಳಿಕೆ ಬೇಕು. ಆ ತಿಳಿವಳಿಕೆ ಓದಿದವರ ಮನೆಯಲ್ಲಿ ಎಂಟನೆಯ ತರಗತಿಗೇ ಇರುತ್ತದೆ, ಓದದವರ ಮನೆಗೆ ಪಿಯುಸಿ ಫಲಿತಾಂಶ ಬಂದ ಮೇಲೆ ತಲುಪುತ್ತದೆ.

ದಾವಣಗೆರೆಯಿಂದ ಹದಿನಾಲ್ಕು ಕಿಲೋಮೀಟರಿನಷ್ಟು ದೂರದ ಹರಿಹರದ ದಾರಿ ತುಸು ಬೇರೆ. 1941ರಲ್ಲಿ ಅಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಶುರುವಾಯಿತು. ಅದು ತಯಾರಿಸುತ್ತಿದ್ದ ಲೇತ್ ಯಂತ್ರಗಳು ದೇಶದ ಅನೇಕ ವರ್ಕ್‌ಶಾಪುಗಳಲ್ಲಿ ಇದ್ದವು. ಲೇತ್ ಮಾಡುವವನು ನಕ್ಷೆ ಓದಬೇಕು, ಅಳತೆ ಹಿಡಿಯಬೇಕು, ಮಿಲಿಮೀಟರಿನ ನೂರನೆಯ ಭಾಗದಲ್ಲಿ ಯೋಚಿಸಬೇಕು. ಹತ್ತನೆಯ ತರಗತಿ ಓದಿ ಐಟಿಐ ಅಥವಾ ಅಪ್ರೆಂಟಿಸ್ ತರಬೇತಿ ಮುಗಿಸಿದ ಕಾರ್ಮಿಕನ ಮನೆಯಲ್ಲಿ ಗಣಿತಕ್ಕೆ ಒಂದು ಬಳಕೆಯಿತ್ತು. ಮಗ ತ್ರಿಕೋನಮಿತಿ ಕೇಳಿದರೆ ತಂದೆ ಉತ್ತರಿಸಬಲ್ಲವನಾಗಿದ್ದ. 1972ರಲ್ಲಿ ಹೊಳೆಯಾಚೆ ಕುಮಾರಪಟ್ಟಣದಲ್ಲಿ ಹರಿಹರ ಪಾಲಿಫೈಬರ್ಸ್ ಬಂತು. ಕಾರ್ಖಾನೆಯ ಖಾಯಂ ನೌಕರರ ಮಕ್ಕಳಿಗೂ, ಊರಿನ ಬೀಡಿ ಕಟ್ಟುವವರ, ಇಟ್ಟಿಗೆ ಸುಡುವವರ ಮಕ್ಕಳಿಗೂ ಓದಿನ ದಾರಿಗಳು ಅಲ್ಲಿಂದ ಬೇರೆಯಾದವು.

ಆಮೇಲಿನದು ಮುಚ್ಚುವಿಕೆಯ ಕಾಲ. 1980 ಮತ್ತು 90ರ ದಶಕಗಳಲ್ಲಿ ದಾವಣಗೆರೆಯ ಮಿಲ್ಲುಗಳು ಒಂದೊಂದಾಗಿ ನಿಂತವು. ಹೊಸ ಶತಮಾನದ ಮೊದಲ ವರ್ಷಗಳಲ್ಲಿ ಮೈಸೂರು ಕಿರ್ಲೋಸ್ಕರ್ ಕೂಡ ನಿಂತಿತು. ಓದಿಲ್ಲದ ತಂದೆಯ ಕೊರತೆಯನ್ನು ತುಂಬುತ್ತಿದ್ದ ಖಾಯಂ ಸಂಬಳ ಹೋಯಿತು. ಮಿಲ್ಲು ಬಿಟ್ಟವರು ಆಟೋ ಓಡಿಸಿದರು, ಎಪಿಎಂಸಿಯಲ್ಲಿ ಮೂಟೆ ಹೊತ್ತರು, ಗಾರೆ ಕೆಲಸಕ್ಕೆ ಹೋದರು. ಇಂಥ ದಿನಗೂಲಿಯ ಮನೆಯಲ್ಲಿ ಹೈಸ್ಕೂಲಿನ ಹುಡುಗ ರಜೆಯಲ್ಲಿ ದುಡಿಯಲು ಹೋಗುತ್ತಾನೆ, ಕೈಗೆ ಕಾಸು ಬಂದ ಮೇಲೆ ಕೆಲವರು ಶಾಲೆಗೆ ಮರಳುವುದಿಲ್ಲ. ಇದೇ ಹೊತ್ತಿನಲ್ಲಿ ಓದಿದ ಮನೆಗಳು ಬ್ಯಾಂಕು, ಕಾಲೇಜು, ಆಸ್ಪತ್ರೆ, ಸರ್ಕಾರಿ ಕಚೇರಿಗಳ ಸಂಬಳದಿಂದ ಸ್ಥಿರವಾಗಿ ನಿಂತವು. 1997ರಲ್ಲಿ ದಾವಣಗೆರೆ ಜಿಲ್ಲಾ ಕೇಂದ್ರವಾದಾಗ ಹೊಸ ಕಚೇರಿಗಳು ಬಂದವು, ಅವುಗಳಲ್ಲಿ ಕೆಲಸ ಸಿಕ್ಕಿದ್ದೂ ಓದಿದವರಿಗೆ. ಹೆತ್ತವರ ಪದವಿಯೂ ಹೆತ್ತವರ ಸಂಬಳವೂ ಮೊದಲು ಎರಡು ಬೇರೆ ಸಂಗತಿಗಳಾಗಿದ್ದವು, ಈಗ ಒಂದಕ್ಕೊಂದು ಅಂಟಿಕೊಂಡವು. ಇಂದಿನ ಬಿಗಿ ಹುಟ್ಟಿದ್ದು ಇಲ್ಲಿ.

ದಾವಣಗೆರೆಯ ಮಂಡಕ್ಕಿ ಭಟ್ಟಿಗಳಲ್ಲಿ ಈ ಬಿಗಿ ಕಣ್ಣಿಗೆ ಕಾಣುತ್ತದೆ. ಭತ್ತ ನೆನೆಸಿ, ಬೇಯಿಸಿ, ಒಣಗಿಸಿ, ಕಾದ ಮರಳಿನಲ್ಲಿ ಹುರಿಯುವ ಈ ಕೆಲಸ ನಡುರಾತ್ರಿಯಲ್ಲೋ ಬೆಳಗಿನ ಜಾವದಲ್ಲೋ ಶುರುವಾಗುತ್ತದೆ. ಇಡೀ ಕುಟುಂಬ ಹೊಗೆಯ ನಡುವೆ ಕೈಜೋಡಿಸಬೇಕು. ರಾಜ್ಯದ ಸಂತೆಗಳಿಗೆಲ್ಲ ಇಲ್ಲಿಂದ ಮಂಡಕ್ಕಿ ಹೋಗುತ್ತದೆ. ರಾತ್ರಿ ಭಟ್ಟಿಯ ಮುಂದೆ ಕೂತ ಮಗು ಬೆಳಿಗ್ಗೆ ತರಗತಿಯಲ್ಲಿ ತೂಕಡಿಸಿದರೆ ಅದಕ್ಕೆ ತಾಯಿಯ ಅನಕ್ಷರತೆಯನ್ನು ದೂರಿ ಫಲವಿಲ್ಲ. ಆ ತಾಯಿ ಪದವಿ ಪಡೆದಿದ್ದರೂ ನಿದ್ದೆಗೆಟ್ಟ ಮಗುವಿನ ತಲೆಗೆ ಪಾಠ ಹತ್ತುತ್ತಿರಲಿಲ್ಲ.

ಹೆತ್ತವರ ಓದು ಮಕ್ಕಳ ಅಂಕವಾಗುವುದು ಯಾವ ದಾರಿಯಿಂದ ಎಂಬ ಪ್ರಶ್ನೆ ಜಗತ್ತಿನ ಬೇರೆಡೆಗಳಲ್ಲೂ ವಿದ್ವಾಂಸರನ್ನು ಕಾಡಿದೆ. 1966ರಲ್ಲಿ ಅಮೆರಿಕದಲ್ಲಿ ಜೇಮ್ಸ್ ಕೋಲ್ಮನ್ ನೇತೃತ್ವದ ವರದಿ, ಮಕ್ಕಳ ಸಾಧನೆಯ ವ್ಯತ್ಯಾಸಕ್ಕೆ ಶಾಲೆಯ ಸೌಕರ್ಯಗಳಿಗಿಂತ ಮನೆಯ ಹಿನ್ನೆಲೆಯೇ ಹೆಚ್ಚು ಕಾರಣ ಎಂದು ಹೇಳಿತು. 1983ರಲ್ಲಿ ಹೇನ್‌ಮನ್ ಮತ್ತು ಲಾಕ್ಸ್‌ಲಿ ಎಂಬ ಇಬ್ಬರು 29 ದೇಶಗಳ ಅಂಕಿಗಳನ್ನು ನೋಡಿ, ದೇಶ ಬಡವಾದಷ್ಟೂ ಶಾಲೆ ಮತ್ತು ಮೇಷ್ಟ್ರ ಗುಣಮಟ್ಟದ ಪ್ರಭಾವ ಹೆಚ್ಚು ಎಂದು ತೋರಿಸಿದರು. ನಾರ್ವೆ 1960ರ ದಶಕದಲ್ಲಿ ಕಡ್ಡಾಯ ಶಿಕ್ಷಣವನ್ನು 7ರಿಂದ 9 ವರ್ಷಕ್ಕೆ ಏರಿಸಿತ್ತು. ಹಾಗೆ ಹೆಚ್ಚು ಓದಿದವರ ಮಕ್ಕಳೂ ಹೆಚ್ಚು ಓದಿದರೇ ಎಂದು ನೋಡಿದಾಗ, ತಾಯಿ ಮತ್ತು ಗಂಡುಮಕ್ಕಳ ನಡುವೆ ಬಿಟ್ಟರೆ ಉಳಿದೆಡೆ ಹೇಳಿಕೊಳ್ಳುವಂಥ ಪರಿಣಾಮ ಸಿಗಲಿಲ್ಲ. ಬಿಹಾರ ಮತ್ತು ರಾಜಸ್ಥಾನದಲ್ಲಿ ತಾಯಂದಿರಿಗೆ ಅಕ್ಷರ ಕಲಿಸಿ ಮಕ್ಕಳ ಕಲಿಕೆಯನ್ನು ಅಳೆದ ಪ್ರಯೋಗದಲ್ಲಿ ಗಣಿತದಲ್ಲಿ ಲಾಭ ಕಂಡಿತು, ಆದರೆ ಸಣ್ಣದು. ಇವುಗಳಿಂದ ಹೊರಡುವ ತಾತ್ಪರ್ಯ ದಾವಣಗೆರೆಯ ಅನುಭವಕ್ಕೆ ಹೊಂದುತ್ತದೆ. ಹೆತ್ತವರ ಶಾಲಾ ವರ್ಷಗಳು ಒಂಟಿಯಾಗಿ ಕೆಲಸ ಮಾಡುವುದಿಲ್ಲ. ಅವುಗಳ ಜೊತೆ ವರಮಾನ, ಬಿಡುವು, ಮನೆಯಲ್ಲಿ ಕೂತು ಓದಲು ಜಾಗ, ವ್ಯವಸ್ಥೆಯ ತಿಳಿವಳಿಕೆ ಬರುತ್ತವೆ. ಅವನ್ನು ಬೇರೆ ದಾರಿಯಿಂದ ಒದಗಿಸಿದಾಗ ಓದದವರ ಮಕ್ಕಳೂ ಪಾಸಾಗಿದ್ದಾರೆ.

ತಾಯಿಯ ಓದಿಗೆ ಮಾತ್ರ ಪ್ರತ್ಯೇಕ ಜಾಗ ಕೊಡಬೇಕು. ತಂದೆ ಪಾಳಿಯಲ್ಲೋ ಪೇಟೆಯಲ್ಲೋ ಇರುವ ಹೊತ್ತಿನಲ್ಲಿ ಮಗುವಿನ ಪಾಟಿಚೀಲ ಬಿಚ್ಚುವವಳು ತಾಯಿ. ದಾವಣಗೆರೆಯಲ್ಲಿ ಮಹಿಳಾ ಕಾಲೇಜು ಬಂದಾಗ ಅದರಲ್ಲಿ ಓದಿದವರ ಮಕ್ಕಳು ಮುಂದಿನ ತಲೆಮಾರಿನ ಡಾಕ್ಟರು, ಎಂಜಿನಿಯರುಗಳ ಸಾಲಿನಲ್ಲಿ ನಿಂತರು. ಓದದ ತಾಯಂದಿರ ಮನೆಗಳಲ್ಲಿ ಆ ಕೆಲಸವನ್ನು ಅಕ್ಕ ವಹಿಸಿಕೊಂಡಳು. ಏಳನೆಯ ತರಗತಿಗೆ ಶಾಲೆ ಬಿಟ್ಟ ಅಕ್ಕ ತಮ್ಮನಿಗೆ ಮಗ್ಗಿ ಹೇಳಿಕೊಟ್ಟು, ಅವನ ಪ್ರೋಗ್ರೆಸ್ ಕಾರ್ಡಿನಲ್ಲಿ ತಾಯಿಯ ಹೆಬ್ಬೆಟ್ಟು ಒತ್ತಿಸಿ ಕಳಿಸಿದ್ದು ಸಾವಿರಾರು ಮನೆಗಳ ಕತೆ. ಆ ಅಕ್ಕಂದಿರ ಶ್ರಮ ಯಾವ ವರದಿಯಲ್ಲೂ ಇಲ್ಲ. 2006ರಲ್ಲಿ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರುಮಾಡಿದ್ದು, ಅದಕ್ಕೂ ಮೊದಲು 2002ರಲ್ಲಿ ಆರಂಭವಾಗಿ ಮರುವರ್ಷ ರಾಜ್ಯಕ್ಕೆಲ್ಲ ಹಬ್ಬಿದ ಅಕ್ಷರ ದಾಸೋಹದ ಬಿಸಿಯೂಟ, ಉಚಿತ ಪಠ್ಯಪುಸ್ತಕ, ಸಮವಸ್ತ್ರ ಇವು ಅಂಥ ಹೆಣ್ಣುಮಕ್ಕಳನ್ನು ಇನ್ನೂ ಕೆಲವು ವರ್ಷ ಶಾಲೆಯಲ್ಲಿ ಉಳಿಸಿದವು. ಅವರಲ್ಲಿ ಅನೇಕರು ಈಗ ತಾಯಂದಿರು.

ಆದರೆ ಆ ತಾಯಂದಿರು ಕಲಿತದ್ದು ಕನ್ನಡ ಮಾಧ್ಯಮದಲ್ಲಿ, ಮಕ್ಕಳನ್ನು ಸೇರಿಸಿದ್ದು ಇಂಗ್ಲಿಷ್ ಮಾಧ್ಯಮಕ್ಕೆ. ಹತ್ತನೆಯ ತರಗತಿಯಲ್ಲಿ ವಿಜ್ಞಾನಕ್ಕೆ ಒಳ್ಳೆಯ ಅಂಕ ತೆಗೆದ ತಾಯಿ ಮೂರನೆಯ ತರಗತಿಯ ಮಗಳ ಇವಿಎಸ್ ಪುಸ್ತಕದ ಮುಂದೆ ಬಾಯಿ ಕಟ್ಟಿದವಳಾದಳು. ಪ್ರಾಥಮಿಕ ಹಂತದಲ್ಲಿ ಕನ್ನಡ ಅಥವಾ ಮಾತೃಭಾಷೆಯೇ ಮಾಧ್ಯಮವಾಗಿರಬೇಕೆಂಬ 1994ರ ಭಾಷಾನೀತಿ 2014ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಬಿದ್ದಿತು. 2019ರಲ್ಲಿ ಸರ್ಕಾರವೇ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿಗಳನ್ನು ತೆರೆಯಿತು. ಪೋಷಕರ ಆಸೆ ನ್ಯಾಯವಾದದ್ದೇ. ಅದರ ಬೆಲೆ ಮಾತ್ರ ಕಡಿಮೆಯಲ್ಲ. ಒಂದು ತಲೆಮಾರು ಕಷ್ಟಪಟ್ಟು ಗಳಿಸಿದ ಓದು ಮನೆಯೊಳಗೆ ಉಪಯೋಗಕ್ಕೆ ಬಾರದಂತಾಗಿ, ಆ ಜಾಗಕ್ಕೆ ಟ್ಯೂಷನ್ ಬಂತು. ಟ್ಯೂಷನ್ ಫೀಸು ಕಟ್ಟಲಾಗದ ಮನೆ ಮತ್ತೆ ಮೊದಲಿದ್ದಲ್ಲಿಗೇ ಹೋಯಿತು.

ಖಾಸಗಿ ಶಾಲೆಗಳು ಎಲ್‌ಕೆಜಿಗೆ ಸೇರಿಸುವ ಮುನ್ನ ತಂದೆ ತಾಯಿಯನ್ನು ಕೂರಿಸಿ ‘ಎಷ್ಟು ಓದಿದ್ದೀರಿ, ಮನೆಯಲ್ಲಿ ಇಂಗ್ಲಿಷ್ ಮಾತಾಡುತ್ತೀರಾ’ ಎಂದು ಕೇಳುತ್ತಿದ್ದ ಕಾಲವೂ ಇತ್ತು. ಹೆತ್ತವರ ಓದನ್ನು ಮಗುವಿನ ಪ್ರವೇಶದ ಶರತ್ತಾಗಿ ಮಾಡುವುದು ಈ ಚರಿತ್ರೆಯಲ್ಲೇ ಅತ್ಯಂತ ಅನ್ಯಾಯದ ಪದ್ಧತಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೆಯ ಕಲಮು ಮಗುವನ್ನಾಗಲಿ ಹೆತ್ತವರನ್ನಾಗಲಿ ಪರೀಕ್ಷಿಸಿ ಆಯ್ಕೆ ಮಾಡುವುದನ್ನು ನಿಷೇಧಿಸಿತು. ಖಾಸಗಿ ಶಾಲೆಗಳಲ್ಲಿ ಶೇ 25ರಷ್ಟು ಸೀಟನ್ನು ದುರ್ಬಲ ವರ್ಗದ ಮಕ್ಕಳಿಗೆ ಮೀಸಲಿಡುವ ನಿಯಮ ಕರ್ನಾಟಕದಲ್ಲಿ 2012ರಿಂದ ನಡೆಯಿತು. ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯ ಸೀಟು ಇಲ್ಲ ಎಂಬ ತಿದ್ದುಪಡಿ 2019ರಿಂದ ಅದನ್ನು ಬಹಳ ಮಟ್ಟಿಗೆ ನಿಲ್ಲಿಸಿತು.

2020ರ ಮಾರ್ಚಿನಲ್ಲಿ ಕೊರೊನಾ ಬಂದು ಶಾಲೆ ಮುಚ್ಚಿದಾಗ ಓದಿನ ಪೂರ್ತಿ ಭಾರ ಮನೆಯ ಮೇಲೆ ಬಿತ್ತು. ಶಿಕ್ಷಕರು ವಠಾರಗಳಿಗೇ ಹೋಗಿ ಪಾಠ ಮಾಡುವ ವಿದ್ಯಾಗಮ ಯೋಜನೆ ಆ ಆಗಸ್ಟಿನಲ್ಲಿ ಶುರುವಾಗಿ ಅಕ್ಟೋಬರಿನಲ್ಲಿ ನಿಂತಿತು. ಆ ವರ್ಷ ದೇಶದ ಹಳ್ಳಿಗಳಲ್ಲಿ ನಡೆದ ‘ಅಸರ್’ ಸಮೀಕ್ಷೆ, ಹೆಚ್ಚು ಓದಿದ ಹೆತ್ತವರ ಮಕ್ಕಳಲ್ಲಿ ಶೇ 89ರಷ್ಟು ಮಂದಿಗೆ ಮನೆಯವರ ನೆರವು ಸಿಕ್ಕಿತು, ತಂದೆ ತಾಯಿ ಇಬ್ಬರೂ ಐದನೆಯ ತರಗತಿ ದಾಟದ ಮನೆಗಳಲ್ಲಿ ಅದು ಶೇ 55ರಷ್ಟು ಎಂದು ಕಂಡಿತು. ಅಂತರ ದೊಡ್ಡದೇ. ಅಷ್ಟಾಗಿ ಓದದ ಹೆತ್ತವರ ಮಕ್ಕಳಲ್ಲೂ ಅರ್ಧಕ್ಕಿಂತ ಹೆಚ್ಚು ಮಂದಿಗೆ ಮನೆಯಲ್ಲಿ ಯಾರೋ ನೆರವಾದರು ಎಂಬುದನ್ನೂ ಅಷ್ಟೇ ಗಮನವಿಟ್ಟು ಓದಬೇಕು. ಅಣ್ಣ ಅಕ್ಕಂದಿರು ಅಲ್ಲಿ ಮತ್ತೆ ಕಾಣಿಸಿಕೊಂಡರು.

ನಿಟ್ಟುವಳ್ಳಿ ಹಿಂದೆ ದಾವಣಗೆರೆಯ ಅಂಚಿನ ಹಳ್ಳಿ. ಊರು ಬೆಳೆದು ಅದನ್ನು ಒಳಗೆ ತೆಗೆದುಕೊಂಡಿತು. ಹಳೆಯ ಊರಿನ ಮಗ್ಗುಲಲ್ಲೇ ಹೊಸ ಬಡಾವಣೆಗಳು ಎದ್ದವು. ಇಂಥ ಕಡೆಯಲ್ಲಿ ಈ ಇಡೀ ಚರಿತ್ರೆಯ ಪಾತ್ರಧಾರಿಗಳೆಲ್ಲ ಅಕ್ಕಪಕ್ಕದಲ್ಲಿ ಸಿಗುತ್ತಾರೆ. ಮಿಲ್ಲು ಮುಚ್ಚಿದ ಮೇಲೆ ಆಟೋ ಹಿಡಿದವರ ಮೊಮ್ಮಕ್ಕಳು, ಹಾಸ್ಟೆಲಿನಲ್ಲಿ ಓದಿ ನೌಕರಿ ಹಿಡಿದವರ ಮಕ್ಕಳು, ಹೊಲ ಬಿಟ್ಟು ಬಂದು ಗಾರೆ ಕೆಲಸ ಮಾಡುವವರ ಮಕ್ಕಳು. ಶಾಲೆ ಎಲ್ಲರಿಗೂ ಒಂದೇ ಹೋಂವರ್ಕ್ ಕೊಟ್ಟು ‘ಮನೆಯಲ್ಲಿ ಮಾಡಿಸಿ’ ಎಂದು ಬರೆದರೆ, ತನ್ನ ಕೆಲಸವನ್ನು ಹೆತ್ತವರ ಪದವಿಯ ಮೇಲೆ ಹೊರಿಸಿದಂತೆ. ಶಾಲೆಯಲ್ಲೇ ಸಂಜೆ ಒಂದು ಗಂಟೆ ಕೂರಿಸಿ ಆ ಕೆಲಸ ಮುಗಿಸಿದರೆ ಹಿಂದೆ ಹಾಸ್ಟೆಲು ಮಾಡಿದ್ದನ್ನು ಶಾಲೆ ಮಾಡಿದಂತೆ. ನಂಟನ್ನು ಸಡಿಲಿಸುವ ಉಪಾಯ ಈ ನೆಲಕ್ಕೆ ಹೊಸತಲ್ಲ.

ಓದದ ಹೆತ್ತವರನ್ನು ಶಾಲೆಯ ಆಡಳಿತಕ್ಕೆ ತರುವ ಪ್ರಯತ್ನವೂ ನಡೆದಿದೆ. ರಾಜಾ ರಾಮಣ್ಣ ಅಧ್ಯಕ್ಷತೆಯ ಕಾರ್ಯಪಡೆಯ ಸಲಹೆಯಂತೆ 2001ರಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು, ಅಂದರೆ ಎಸ್‌ಡಿಎಂಸಿಗಳು, ರಾಜ್ಯದ ಸರ್ಕಾರಿ ಶಾಲೆಗಳಿಗೆ ಬಂದವು. ಶಿಕ್ಷಣ ಹಕ್ಕು ಕಾಯ್ದೆಯ 21ನೆಯ ಕಲಮಿನ ಪ್ರಕಾರ ಇಂಥ ಸಮಿತಿಯ ಮುಕ್ಕಾಲು ಪಾಲು ಸದಸ್ಯರು ಮಕ್ಕಳ ಹೆತ್ತವರು ಅಥವಾ ಪೋಷಕರೇ ಆಗಿರಬೇಕು, ಅರ್ಧದಷ್ಟು ಮಂದಿ ಮಹಿಳೆಯರಿರಬೇಕು. ಸದಸ್ಯರಾಗಲು ಅವರು ಇಷ್ಟು ಓದಿರಬೇಕೆಂದು ಆ ಕಲಮು ಎಲ್ಲಿಯೂ ಕೇಳುವುದಿಲ್ಲ.